ಅಂಚಿನ ಮುಳ್ಳು

ನಮ್ಮೂರಿನಲ್ಲಿ ಮಕ್ಕಳಿಗೆ 'ನಿನ್ನ ಮೂಗು ಸವೆಯಲಿ' ಎಂದು ಹರಸುತ್ತೇವೆ. ಹೊರಗಿನವರು ಕೇಳಿದರೆ ಬೆಚ್ಚಿಬೀಳುತ್ತಾರೆ. ಬೀಳಲಿ ಬಿಡಿ, ನಮ್ಮೂರನ್ನು ಹುಡುಕಿಕೊಂಡು ಬಂದವರಾದರೂ ಎಷ್ಟು ಜನ? ಹನ್ನೆರಡು ತುಂಬಿದ ದಿನ ಇಲ್ಲಿನ ಟಂಕಸಾಲೆಯಲ್ಲಿ ಪ್ರತಿ ಮಗುವಿನ ಮುಖವನ್ನೂ ಅಚ್ಚೊತ್ತಿ ಒಂದು ನಾಣ್ಯ ಮಾಡಿಕೊಡುತ್ತಾರೆ. ಒಂದೇ ಒಂದು. ಒಂದು ಮಗ್ಗುಲಿಗೆ ಎದುರು ನೋಡುವ ಮುಖ, ಸುತ್ತ ಹೆಸರು. ಇನ್ನೊಂದು ಮಗ್ಗುಲಿಗೆ ಹೊಂಗೆ ಎಲೆ. ಹೊತ್ತು ಮುಳುಗುವುದರೊಳಗೆ ಅದನ್ನು ಖರ್ಚು ಮಾಡಿಬಿಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ನಾನು ನನ್ನದನ್ನು ಕಡ್ಲೆಪುರಿಗೆ ಕೊಟ್ಟೆ. ಅರ್ಧ ಪುರಿ ಮೆತ್ತಗಾಗಿತ್ತು, ಆ ಸಿಟ್ಟು ಇನ್ನೂ ಇದೆ. ಅಲ್ಲಿಂದ ನಾಣ್ಯ ಕೈಯಿಂದ ಕೈಗೆ ಊರೆಲ್ಲ ತಿರುಗುತ್ತದೆ, ತಿರುಗುತ್ತಾ ಸವೆಯುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ಮೂಗಾದ್ದರಿಂದ ಮೊದಲು ಹೋಗುವುದು ಅದೇ. ಮೂಗು ಸವೆದಿದೆ ಎಂದರೆ ಆ ಮನುಷ್ಯ ಬಹಳ ಜನರ ಕೈಗೆ ಒದಗಿದ್ದಾನೆ ಎಂದು ಲೆಕ್ಕ.

ಮನುಷ್ಯ ಸತ್ತ ಒಂಬತ್ತು ದಿನದೊಳಗೆ ಅವನ ನಾಣ್ಯ ಮನೆಗೆ ಬರುತ್ತದೆ. ತರಕಾರಿಯವಳು ಕೊಟ್ಟ ಚಿಲ್ಲರೆಯಲ್ಲಿ ಬರಬಹುದು, ಹಾಲಿನ ಚೊಂಬಿನ ತಳದಲ್ಲಿ ಬರಬಹುದು, ಒಣಹಾಕಿದ ಸಂಡಿಗೆಯ ನಡುವೆ ಬಿದ್ದಿರಬಹುದು. ನಮ್ಮ ತಾತನದು ಬೆಲ್ಲದ ಅಚ್ಚು ಒಡೆದಾಗ ಸಿಕ್ಕಿತು. ಹೇಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಹತ್ತನೆಯ ದಿನ ಮನೆಯವರು ಅದನ್ನು ಕೆರೆಯ ಮೆಟ್ಟಿಲಿಗೆ ತರುತ್ತಾರೆ. ಅಲ್ಲಿ ಮಂದಲಿಗೆ ಹಾಸಿಕೊಂಡು ಕೂತ ನೋಟಗಾರರು ನಾಣ್ಯವನ್ನು ಬೆಳಕಿಗೆ ಹಿಡಿದು, ಅದು ಎಲ್ಲೆಲ್ಲಿ ತಿರುಗಿತು, ಯಾರ ಕೈಯಲ್ಲಿ ಎಷ್ಟು ಕಾಲ ಇತ್ತು ಎಂದು ಓದಿ ಹೇಳುತ್ತಾರೆ. ಕೊನೆಗೆ ಎರಡರಲ್ಲೊಂದು ಮಾತು, 'ತಿರುಗಿದ್ದು' ಅಥವಾ 'ತಿಕ್ಕಿದ್ದು'. ತಿರುಗಿದ್ದಾದರೆ ಮೆಟ್ಟಿಲ ಕಲ್ಲಿನಲ್ಲಿ ಸೀಸ ಹೊಯ್ದು ಕೂರಿಸುತ್ತೇವೆ. ಕೆಲವರು ಇರುತ್ತಾರೆ, ತಮ್ಮ ನಾಣ್ಯವನ್ನು ಬಚ್ಚಿಟ್ಟುಕೊಂಡು, ಕೊನೆಗಾಲದಲ್ಲಿ ಭಯ ಹತ್ತಿ ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಸವೆದಂತೆ ಮಾಡುತ್ತಾರೆ. ಅಂಥದ್ದು ಮೆಟ್ಟಿಲಿಗೆ ಹತ್ತುವುದಿಲ್ಲ, ಮನೆಗೆ ವಾಪಸ್ಸು ಹೋಗುತ್ತದೆ. ಆ ಮನೆಗೆ 'ತಿಕ್ಕಿದ ಮನೆ' ಎಂಬ ಹೆಸರು ನಿಲ್ಲುತ್ತದೆ.

ಕಲ್ಲಿನಲ್ಲಿ ಗುಳಿ ತೋಡುವವನು ನಾನು, ಕಲ್ಲು ಕೆಲಸದ ರುದ್ರಾಚಾರಿ. ನೋಟಗಾರ್ತಿ ಮುದ್ದವೀರಮ್ಮ, ಊರಿನವರ ಬಾಯಲ್ಲಿ ನೋಟದವ್ವ. ಅವಳಿಗೀಗ ಅರವತ್ತಾರು. ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವ ಜಾತಿಯಲ್ಲ, ನನ್ನ ಹೆಂಡತಿ ಮೋನಮ್ಮನನ್ನು ಕೇಳಿ ಬೇಕಾದರೆ. ಆದರೆ ನೋಟದವ್ವ ನಾಣ್ಯ ಓದುವುದನ್ನು ನೋಡಿದವರು ಸುಮ್ಮನಿರಲಾರರು. ಅವಳ ಹತ್ತಿರ ಇರುವುದು ಒಂದು ಭೂತಗನ್ನಡಿ, ಒಂದು ಬಿದಿರಿನ ಚೂರು, ಒಂದು ಕಪ್ಪು ಬಟ್ಟೆ, ಇಷ್ಟೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ನೋಡುತ್ತಾಳೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ಓಲಾಡಿಸುತ್ತಾಳೆ. ತಿಕ್ಕಿದ ನಾಣ್ಯದ ಮೇಲೆ ಬೆಳಕು ಕುಪ್ಪಳಿಸುತ್ತದಂತೆ, ತಿರುಗಿದ ನಾಣ್ಯದ ಮೇಲೆ ಕೂರುತ್ತದಂತೆ. ನಾನೂ ನೂರು ಸಲ ಓಲಾಡಿಸಿ ನೋಡಿದ್ದೇನೆ, ನನಗೆ ಎಲ್ಲವೂ ಒಂದೇ ತರ ಕಾಣುತ್ತವೆ.

ಒಂದು ಸಲ ಹೂವಿನ ಕೆಂಚಮ್ಮ ತನ್ನ ಗಂಡನ ನಾಣ್ಯ ತಂದಳು. ನೋಟದವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಉಪ್ಪಿನ ಅಂಗಡೀಲಿ ಎರಡು ಮೂರು ವರ್ಷ ಇತ್ತು, ಮೈಯೆಲ್ಲ ಸಣ್ಣ ಸಣ್ಣ ತೂತು ಬಿದ್ದವೆ. ಆಮೇಲೆ ಯಾರೋ ಇಸ್ಪೀಟಿನೋನು ಹೆಬ್ಬೆಟ್ಟಲ್ಲಿ ಚಿಮ್ಮಿ ಚಿಮ್ಮಿ ಎಲೆ ಮಗ್ಗುಲು ಉಜ್ಜಿದಾನೆ," ಅಂದಳು. ಹಾಗೆನ್ನುತ್ತಾ ಒಂದು ಕಡೆ ತಡೆದು, "ಕೆನ್ನೆ ಮೇಲೆ ಈ ಗುರುತು ನೋಡು ಕೆಂಚಮ್ಮ. ಇದು ಹಲ್ಲು. ಒಂದು ಕೂಸು ಕಚ್ಚೈತೆ ಇದನ್ನ," ಅಂದಳು. ಅಳುತ್ತಿದ್ದ ಕೆಂಚಮ್ಮ ನಕ್ಕುಬಿಟ್ಟಳು. ಸತ್ತವನು ನಮಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಊರು ತಿರುಗಿದ್ದ ಎಂದು ತಿಳಿಯುವುದರಲ್ಲಿ ಎಂಥದೋ ಸಮಾಧಾನವಿದೆ.

ಇಷ್ಟು ವರ್ಷದ ಅವಳ ಕೆಲಸದಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಒಂದು ಖಾಲಿ ಗುಳಿ. ಆರನೆಯ ಮೆಟ್ಟಿಲಿನ ಎಡತುದಿಯಲ್ಲಿದೆ. ಇಪ್ಪತ್ತೇಳು ವರ್ಷದ ಹಿಂದೆ ನಾನೇ ತೋಡಿದ್ದು. ಸುಣ್ಣ ಬಳಿಯುವ ಮರಿಲಿಂಗ ಅರವತ್ತಕ್ಕೆ ತೀರಿಕೊಂಡಾಗ, ಇಂಥ ಮನುಷ್ಯನದು ತಿರುಗಿರದೆ ಇನ್ನೇನು ಎಂದುಕೊಂಡು ನೋಟಕ್ಕೆ ಮುಂಚೆಯೇ ಗುಳಿ ತೋಡಿ ಕೂತಿದ್ದೆ. ಊರಿನ ಅರ್ಧ ಗೋಡೆ ಅವನ ಕೈಯಲ್ಲಿ ಬೆಳ್ಳಗಾದದ್ದು. ಮುದ್ದವೀರಮ್ಮ ಮಂದಲಿಗೆಗೆ ಬಂದು ಆಗಿನ್ನೂ ಎರಡನೆಯ ವರ್ಷ. ನಾಣ್ಯವನ್ನು ಕೈಗೆ ತೆಗೆದುಕೊಂಡಳು. ಮೂಗು ನುಣ್ಣಗೆ ಸವೆದಿತ್ತು, ಆದರೆ ಸವೆದ ಕಡೆಯೆಲ್ಲ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಇದ್ದವು. ಅಂಚು ಮಾತ್ರ ಟಂಕಸಾಲೆಯಿಂದ ನಿನ್ನೆ ಬಂದಂತಿತ್ತು. ಅಚ್ಚು ಹಾಕುವಾಗ ಜಾರಿ ಅಂಚಿನಲ್ಲಿ ಎದ್ದ ಎಳ್ಳುಕಾಳಿನಷ್ಟು ಮುಳ್ಳು ಕೂಡ ಹಾಗೇ ಚೂಪಾಗಿತ್ತು. ನಲವತ್ತೆಂಟು ವರ್ಷ ಚೀಲಗಳಲ್ಲಿ ಬೇರೆ ನಾಣ್ಯಗಳ ಜೊತೆ ಗುದ್ದಾಡಿದ ನಾಣ್ಯಕ್ಕೆ ಆ ಮುಳ್ಳು ಉಳಿಯುವುದು ಸಾಧ್ಯವೇ ಇಲ್ಲ. ಅವಳು "ತಿಕ್ಕಿದ್ದು" ಅಂದಳು. ಮರಿಲಿಂಗನ ಮಗಳು ದ್ಯಾವಮ್ಮ ಕೈಚಾಚಿ ನಾಣ್ಯ ವಾಪಸ್ಸು ತೆಗೆದುಕೊಂಡಳು.

ದ್ಯಾವಮ್ಮನಿಗೆ ಆಗ ಇಪ್ಪತ್ತೈದು. ಅವಳನ್ನು ಯಾರೂ ಬೈದದ್ದಿಲ್ಲ, ಹೊರಗಿಟ್ಟದ್ದಿಲ್ಲ. ಆದರೆ ಊರಲ್ಲಿ ಏನು ಕಳೆದರೂ ಮೊದಲು ಅವಳ ಮನೆ ಕಡೆ ನೋಡುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಮೆಟ್ಟಿಲ ಪಕ್ಕದಲ್ಲೇ ಬೋಂಡದ ಅಂಗಡಿ ಇಟ್ಟಳು. ನೀರಿಗೆ ಇಳಿಯುವಾಗ ಆರನೆಯ ಮೆಟ್ಟಿಲನ್ನು ದಾಟಿ ಏಳಕ್ಕೆ ಕಾಲಿಡುತ್ತಿದ್ದಳು, ತುಂಬಿದ ಕೊಡ ಹೊತ್ತು ಹತ್ತುವಾಗಲೂ ಹಾಗೆಯೇ. ಮಳೆ ಬಂದರೆ ಆ ಗುಳಿಯಲ್ಲಿ ನೀರು ನಿಂತು ಗುಬ್ಬಿಗಳು ಕುಡಿಯುತ್ತಿದ್ದವು. ಸೀಸ ಹೊಯ್ದು ಮುಚ್ಚಿಬಿಡೋಣ ಎಂದು ಎಷ್ಟೋ ಸಲ ಉಳಿ ಹಿಡಿದುಕೊಂಡು ಹೋಗಿದ್ದೇನೆ, ಮನಸ್ಸು ಬಾರದೆ ವಾಪಸ್ಸು ಬಂದಿದ್ದೇನೆ.

ಈ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನೋಟದವ್ವ ಬೆಳಿಗ್ಗೆ ಬೆಳಿಗ್ಗೆಯೇ ನನ್ನ ಅಂಗಳಕ್ಕೆ ಬಂದಳು. ಸೀರೆಯ ಸೆರಗು ಅರ್ಧ ಒದ್ದೆ. ನಾನು ಉಳಿ ಕೆಳಗಿಟ್ಟೆ, ಮೋನಮ್ಮ ಒಳಗಿಂದ ಮಣೆ ತಂದು ಹಾಕಿದಳು. ನೋಟದವ್ವನ ಮನೆಯಲ್ಲಿ ಅವಳ ತಂಗಿಯ ಮೊಮ್ಮಗಳ ಬಾಣಂತನ ನಡೆಯುತ್ತಿತ್ತು. ಕೂಸಿಗೆ ಹೊಕ್ಕುಳು ಉಬ್ಬಿದೆಯೆಂದು, ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ಮೂರು ತಿಂಗಳಿಂದ ಹೊಟ್ಟೆಗೆ ಕಟ್ಟಿದ್ದರು. ಅವತ್ತು ಕೂಸಿಗೆ ನೀರು ಹಾಕಲು ಕಾಲಮೇಲೆ ಮಲಗಿಸಿಕೊಂಡು ಬಟ್ಟೆ ಬಿಚ್ಚಿದಾಗ ನಾಣ್ಯ ಅವಳ ಅಂಗೈಗೆ ಜಾರಿತಂತೆ. ಅಭ್ಯಾಸದ ಮೇಲೆ ಬಚ್ಚಲ ಕಿಂಡಿಯ ಬೆಳಕಿಗೆ ಹಿಡಿದಳಂತೆ.

"ಬಾಯಿ ತಂತಾನೇ 'ತಿಕ್ಕಿದ್ದು' ಅಂತು ಕಣಪ್ಪ," ಅಂದಳು. "ಗೀರೆಲ್ಲ ಒಂದೇ ಕಡೀಕೆ. ಅಂಚು ಹೊಸಾದು. ಆಮೇಲೆ ಕೂಸಿನ ಮುಖ ನೋಡ್ದೆ. ಇಟ್ಟಿಗೆ ಪುಡಿ ತಿಕ್ಕೋಕೆ ಅದಕ್ಕೆ ಕೈ ಬಂದೈತಾ? ಕೂಸು ಉಸುರಾಡ್ತದೆ, ಬಟ್ಟೆ ಅಲ್ಲಾಡ್ತದೆ, ನಾಣ್ಯ ಸವೀತದೆ. ನೀರು ತಣ್ಣಗಾಗೋವರೆಗೂ ಹಂಗೇ ಕೂತಿದ್ದೆ."

ಅವಳು ಯಾಕೆ ಬಂದಿದ್ದಾಳೆ ಎಂದು ನನಗೆ ಹೊಳೆಯಿತು. "ಮರಿಲಿಂಗನ ನಾಣ್ಯಾನಾ ಅವ್ವ?" ಅಂದೆ.

"ಹೂಂ. ಆ ಕಾಲದಲ್ಲಿ ಯಾರಾದ್ರೂ ಒಂದೇ ನಾಣ್ಯಾನ ಮನೆಯಿಂದ ಮನೆಗೆ ಹೊಕ್ಳಿಗೆ ಕಟ್ತಿದ್ರಾ, ಅದನ್ನ ಕೇಳೋಕೆ ಬಂದೆ. ನಂಗೆ ಮಕ್ಕಳಾಗ್ಲಿಲ್ಲ, ನಂಗೊತ್ತಿಲ್ಲ."

ನಾನು ತಲೆಯಾಡಿಸಿದೆ. ಆದರೆ ಮೋನಮ್ಮ ಬಾಗಿಲಿಗೆ ಒರಗಿಕೊಂಡವಳು ಕೂತುಬಿಟ್ಟಳು. "ಸೂಲಗಿತ್ತಿ ಹಲಗಮ್ಮ ಕಟ್ತಿದ್ಲು," ಅಂದಳು. "ಒಂದು ನಾಣ್ಯ ಬಟ್ಟೇಲಿ ಅವಳೇ ಹೊಲ್ದು ತರೋಳು, ಬಿಚ್ಚಿ ನೋಡ್ಬೇಡಿ, ಯಾರಿಗೂ ಹೇಳ್ಬೇಡಿ, ಕೂಸಿಗೆ ದೃಷ್ಟಿ ಆಯ್ತದೆ ಅನ್ನೋಳು. ಮೂರು ತಿಂಗಳಿಗೆ ಬಿಚ್ಚಿಕೊಂಡು ಹೋಗೋಳು. ನಮ್ಮ ನಾಗಲಿಂಗ ಎಳೆ ಕೂಸು. ಒಂದಿನ ಬೆಳಿಗ್ಗೆ ನೋಡ್ತೀನಿ, ಹೊಲಿಗೆ ಹೊಲಿದಂಗೇ ಐತೆ, ಒಳಗೆ ನಾಣ್ಯ ಇಲ್ಲ. ನಲವತ್ತೇಳು ವರ್ಷದಿಂದ ಜೋಪಾನ ಮಾಡಿದ್ನಲ್ಲೇ ಅಂತ ಹಲಗಮ್ಮ ನನ್ನ ಜೊತೆ ಎಂಥ ಜಗಳ ಆಡಿದ್ಲು ಗೊತ್ತಾ? ಕದ್ದೆ ಅಂದ್ಲು. ಅಕ್ಷರ ಬರ್ತಿರ್ಲಿಲ್ಲ, ಅದು ಯಾರ ನಾಣ್ಯ ಅಂತ ಅವಳಿಗೂ ಗೊತ್ತಿರ್ಲಿಲ್ಲ. ಆವಾಗ ಎದುರು ಬೀದೀಲಿ ಮರಿಲಿಂಗಣ್ಣನ ಒಂಬತ್ತು ದಿನ ನಡೀತಿತ್ತು."

ನನಗೆ ರೇಗಿತು. "ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ ನೀನು."

"ಹೊಕ್ಳ ಮಾತು ಗಂಡಸ್ರ ಹತ್ರ ಆಡ್ತಾರಾ?" ಅಂದಳು ಅವಳು. ಇಂಥವಳ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ.

ನೋಟದವ್ವ ಮಾತ್ರ ಬೇರೆಯದನ್ನು ಕೇಳಿದಳು. ಆ ನಾಣ್ಯದ ಅಂಚಿನ ಮುಳ್ಳು ಬಟ್ಟೆ ದಾಟಿ ಕೂಸಿಗೆ ತಾಗುತ್ತಿರಲಿಲ್ಲವೇ ಎಂದಳು. ಮೋನಮ್ಮ, "ನಾಗಲಿಂಗನಿಗೆ ಹೊಕ್ಳ ಎಡಗಡೆ ಅಕ್ಕಿನುಚ್ಚಿನಷ್ಟು ಒಂದು ಗೀರೈತೆ. ಅದು ಎಲ್ರಿಗೂ ಇರ್ತದಲ್ಲ," ಅಂದಳು. ಹೌದಲ್ಲ, ನನಗೂ ಇದೆ, ಎಲ್ಲ ಮನುಷ್ಯರಿಗೂ ಇರುತ್ತದೆ ಎಂದೇ ನಾನೂ ತಿಳಿದಿದ್ದೆ. ನೋಟದವ್ವನ ಕೈ ತಾನಾಗಿ ತನ್ನ ಸೀರೆಯ ನೆರಿಗೆಯ ಹತ್ತಿರ ಹೋಗಿ ನಿಂತಿತು.

ಅಲ್ಲಿಂದ ನೇರ ದ್ಯಾವಮ್ಮನ ಅಂಗಡಿಗೆ ಹೋದಳು, ನಾನೂ ಹಿಂದೆ ಹೋದೆ. ದ್ಯಾವಮ್ಮ ಬಾಣಲೆಯ ಮುಂದೆ ಕೂತಿದ್ದಳು. ನೋಟದವ್ವ ನಿಂತುಕೊಂಡೇ, "ನಿಮ್ಮಪ್ಪನ ನಾಣ್ಯ ಇನ್ನೊಂದ್ಸಲ ನೋಡ್ಬೇಕಿತ್ತು ದ್ಯಾವಮ್ಮ," ಅಂದಳು.

ದ್ಯಾವಮ್ಮ ಬೋಂಡಗಳನ್ನು ಒಂದೊಂದಾಗಿ ಮಗುಚಿದಳು. "ಒಂದ್ಸಲ ನೋಡಿದ್ರಲ್ಲವ್ವ. ನೀವು ಎರಡು ಸಲ ನೋಡೋರಲ್ಲ ಅಂತ ಊರೇ ಹೇಳ್ತದೆ."

"ಅವತ್ತು ಅಂಚು ನೋಡ್ದೆ, ಮುಳ್ಳು ಕಂಡ್ತು. ಅಲ್ಲಿಗೆ ನೋಡೋದ್ನ ನಿಲ್ಲಿಸಿಬಿಟ್ಟೆ. ತಪ್ಪು ನಂದಿರ್ಬೋದು."

"ಇರ್ಬೋದು ಅಂದ್ರೆ?"

"ನೋಡಿದ ಮೇಲೆ ಹೇಳ್ತೀನಿ. ನೋಡ್ದೇನೆ ಹೇಳಿದ್ರೆ ಅವತ್ತಿನ ಹಂಗೇ ಆಯ್ತದೆ."

ದ್ಯಾವಮ್ಮ ಬಾಣಲೆ ಇಳಿಸಿ ಒಳಗೆ ಹೋಗಿ ಅರಿಶಿನದ ಡಬ್ಬಿ ತಂದಳು. ನಾಣ್ಯ ಅದರೊಳಗೆ ಒಂದು ಚೂರು ಕಾಗದದಲ್ಲಿ ಸುತ್ತಿತ್ತು. ನೋಟದವ್ವ ಬಿಸಿಲಿಗೆ ತಿರುಗಿ ಕೂತು ಭೂತಗನ್ನಡಿ ಹಿಡಿದಳು. ಈ ಸಲ ಅಂಚನ್ನು ಕೊನೆಗೆ ಬಿಟ್ಟಳು. ಮೊದಲು ಮೂಗು, ಆಮೇಲೆ ಹುಬ್ಬು, ಕೆನ್ನೆ. ಆಮೇಲೆ ಕಿವಿಯ ಹಿಂದಿನ ಸಣ್ಣ ಗುಂಡಿಗೆ ಬಿದಿರಿನ ಚೂರು ಹಾಕಿ ಮೆಲ್ಲಗೆ ಕೆರೆದು, ತುದಿಗೆ ಹತ್ತಿದ ಕಪ್ಪು ಕಸರನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಬೆರಳನ್ನು ದ್ಯಾವಮ್ಮನ ಮೂಗಿನ ಹತ್ತಿರ ಹಿಡಿದಳು.

"ಹರಳೆಣ್ಣೆ," ಅಂದಳು ದ್ಯಾವಮ್ಮ.

"ಇಟ್ಟಿಗೆ ಪುಡಿ ತಿಕ್ಕಿದ್ರೆ ಗುಂಡೀಲಿ ಕೆಂಪು ಕೂತಿರ್ಬೇಕಿತ್ತು. ಒಂದು ಕಣ ಕೆಂಪಿಲ್ಲ. ಎಲ್ಲ ಎಣ್ಣೆ, ಎಲ್ಲ ಕೂಸುಗಳ ಬೆವರು. ಇದನ್ನ ನಾನು ಅವತ್ತೇ ನೋಡ್ಬೋದಿತ್ತು, ಒಂದು ಗಳಿಗೆ ಸಾಕಾಗಿತ್ತು. ಇಪ್ಪತ್ತೇಳು ವರ್ಷ, ದ್ಯಾವಮ್ಮ." ನೋಟದವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಹಲಗಮ್ಮನ ಕತೆಯನ್ನು ಆಮೇಲೆ ನಾನೇ ಹೇಳಬೇಕಾಯಿತು.

ಎಲ್ಲ ಕೇಳಿಸಿಕೊಂಡ ದ್ಯಾವಮ್ಮ ನಾಣ್ಯವನ್ನು ಡಬ್ಬಿಗೆ ಹಾಕಿಕೊಂಡಳು. "ಮೆಟ್ಲ ಮೇಲೆ ಹೇಳಿ ಅವ್ವ," ಅಂದಳು. "ಇಲ್ಲಿ ಹೇಳಿದ್ರೆ ನನ್ನ ಬೋಂಡಕ್ಕೆ ಮಾತ್ರ ಕೇಳ್ತದೆ."

ಮಾತು ಹೇಗೋ ಹರಡಿ, ಮೆಟ್ಟಿಲ ಯಜಮಾನ ಗುರುಮಲ್ಲಪ್ಪ ಅವತ್ತು ಮಧ್ಯಾಹ್ನವೇ ನೋಟದವ್ವನ ಮನೆಗೆ ಬಂದ. ಮೆಟ್ಟಿಲಿನ ವ್ಯವಹಾರವೆಲ್ಲ ಅವನದು. ಹೊಟ್ಟೆ ದೊಡ್ಡದು, ಮಾತು ಮೃದು. "ನೋಟಗಾರರು ಆಡಿದ ಮಾತು ತಿರುಗಿಸಿದ್ದು ನಮ್ಮೂರಲ್ಲಿ ಇಲ್ಲವೇ ಇಲ್ಲ," ಅಂದ. "ಒಂದು ತಪ್ಪು ಅಂದ್ರೆ ಉಳಿದಿದ್ದೆಲ್ಲ ಅಲ್ಲಾಡ್ತದೆ. ಮಂದಲಿಗೆ ಬಿಡ್ಬೇಕಾಯ್ತದೆ ನೀವು. ಮರಿಲಿಂಗ ಸತ್ತು ಎಷ್ಟೋ ಕಾಲ ಆಯ್ತು. ದ್ಯಾವಮ್ಮಂಗೆ ಇನ್ನೇನಾದ್ರೂ ಮಾಡಿಕೊಡಾನ." ನೋಟದವ್ವ, "ಮಂದಲಿಗೆ ಬಿಡ್ತೀನಿ," ಅಂದಳಷ್ಟೆ. ಆ ಮಂದಲಿಗೆ ಬಿಟ್ಟರೆ ಅವಳಿಗೆ ಬೇರೆ ಬದುಕೇ ಇಲ್ಲ ಎಂದು ಊರಿಗೆಲ್ಲ ಗೊತ್ತು. ಗುರುಮಲ್ಲಪ್ಪ ತನಗೆ ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದುಹೋದ.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೋಟದವ್ವ ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ತಾನು ಅವತ್ತು ಏನು ನೋಡಿದೆ, ಏನು ನೋಡಲಿಲ್ಲ ಎಂಬುದನ್ನೂ ಹಲಗಮ್ಮನ ಕತೆಯನ್ನೂ ಒಂದನ್ನೂ ಮುಚ್ಚಿಡದೆ ಹೇಳಿದಳು. ಹೇಳುವಾಗ ಕಣ್ಣು ಕೆಳಗೆ ಹಾಕಲಿಲ್ಲ. ತಪ್ಪು ಮಾಡಿದವರು ಇಷ್ಟು ನೆಟ್ಟಗೆ ಕೂತದ್ದನ್ನು ನಾನು ನೋಡಿಲ್ಲ. ಜನ ಗುಸುಗುಸು ಶುರು ಮಾಡಿದರು. ಗುರುಮಲ್ಲಪ್ಪ ಎದ್ದು, "ಹಲಗಮ್ಮ ನಲವತ್ತೇಳು ವರ್ಷ ತನ್ನ ಹತ್ರ ಇಟ್ಕಂಡಿದ್ಲು ಅಂತಾಯ್ತು. ಇಟ್ಕಂಡಿದ್ದು ತಿರುಗಿದ್ದು ಹೆಂಗಾಯ್ತದೆ?" ಅಂದ. ಮಾತು ಸರಿಯಾಗಿಯೇ ಇತ್ತು, ದ್ಯಾವಮ್ಮನ ಮುಖ ಸಣ್ಣದಾಯಿತು.

"ಎಲ್ಲೆಲ್ಲಿ ತಿರುಗಿತು ಅಂತ ನಾನು ಹೇಳೋದಕ್ಕಿಂತ ನೀವೇ ಹೇಳಿ ಯಜಮಾನ್ರೆ," ಅಂದಳು ನೋಟದವ್ವ. "ಅಂಗಿ ಎತ್ತಿ."

ಗುರುಮಲ್ಲಪ್ಪ ಸುತ್ತ ನೋಡಿದ. ಎತ್ತದೆ ವಿಧಿಯಿರಲಿಲ್ಲ. ಆ ಹೊಟ್ಟೆಯ ನಡುವೆ ಹೊಕ್ಕುಳು ಹುಡುಕುವುದೇ ಒಂದು ಕೆಲಸವಾಯಿತು, ಸಿಕ್ಕಿದ ಮೇಲೆ ಎಡಗಡೆಯಲ್ಲಿ ಅಕ್ಕಿನುಚ್ಚಿನಷ್ಟು ಗೀರು ಇತ್ತು. ನೋಟದವ್ವ ನಾಣ್ಯದ ಮುಳ್ಳನ್ನು ಅದರ ಪಕ್ಕ ಹಿಡಿದಳು. ಒಂದೇ ಅಳತೆ, ಒಂದೇ ಬಾಗು. ನಾನು ನನ್ನ ಬನಿಯನ್ನು ಎತ್ತಿದೆ. ನಾಗಲಿಂಗ ಎತ್ತಿದ. ಆಮೇಲೆ ಯಾರೂ ಹೇಳಿಸಿಕೊಳ್ಳಲಿಲ್ಲ. ಮಾವಿನಕಾಯಿ ಮಾರುವವನು, ಟಂಕಸಾಲೆಯವರು, ಪೂಜಾರಿ, ಎಲ್ಲರೂ ಕೆರೆಯ ಗಾಳಿಯಲ್ಲಿ ಹೊಟ್ಟೆ ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಇಪ್ಪತ್ತೇಳರ ಒಳಗಿನ ಹುಡುಗರಲ್ಲಿ ಒಬ್ಬನಿಗೂ ಇರಲಿಲ್ಲ. ಹೆಂಗಸರು ಗುಂಪಾಗಿ ಕೆರೆದಂಡೆಯ ಮಂಟಪದ ಹಿಂದೆ ಹೋದರು, ಕೆಲವರು ನಗುತ್ತಾ ಬಂದರು, ಕೆಲವರು ಕಣ್ಣೊರೆಸಿಕೊಳ್ಳುತ್ತಾ ಬಂದರು. ಅವರ ಜೊತೆ ಹೋಗಿದ್ದ ದ್ಯಾವಮ್ಮ ಮಾತ್ರ ಅಲ್ಲೇ ಉಳಿದಳು.

"ನಂಗೂ ಐತೆ," ಅಂದಳು ನೋಟದವ್ವ. "ನಾನು ಹುಟ್ಟಿದಾಗ ನನ್ನ ಹೊಟ್ಟೆ ಮೇಲೆ ಕೂತಿದ್ದ ನಾಣ್ಯಾನ ನಾನೇ ತಿಕ್ಕಿದ್ದು ಅಂದೆ. ಬೇರೆ ನಾಣ್ಯ ಕೈಯಿಂದ ಕೈಗೆ ಹೋಗ್ತವೆ. ಮರಿಲಿಂಗಣ್ಣಂದು ಹೊಟ್ಟೆಯಿಂದ ಹೊಟ್ಟೆಗೆ ಹೋಗೈತೆ. ಈ ಊರಲ್ಲಿ ಇದಕ್ಕಿಂತ ತಿರುಗಿದ ನಾಣ್ಯಾನ ನಾನು ನೋಡಿಲ್ಲ." ಆಮೇಲೆ ಗಟ್ಟಿಯಾಗಿ "ತಿರುಗಿದ್ದು" ಅಂದಳು. ಮಂದಲಿಗೆಯಿಂದ ಎದ್ದು, ಅದನ್ನು ಸುರುಳಿ ಸುತ್ತಿ, ಗುರುಮಲ್ಲಪ್ಪನ ಕೈಗೆ ಚಾಚಿದಳು.

ಗುರುಮಲ್ಲಪ್ಪ ಇನ್ನೂ ಅಂಗಿ ಇಳಿಸಿರಲಿಲ್ಲ. ಮಂದಲಿಗೆ ತೆಗೆದುಕೊಂಡ, ಬಗ್ಗಿ ಇದ್ದ ಜಾಗದಲ್ಲೇ ಹಾಸಿದ. "ಎರಡು ಸಲ ನೋಡೋರು ಬೇರೆ ಯಾರವ್ರೆ ನಮಗೆ? ಕೂತ್ಕಳಿ ಅವ್ವ," ಅಂದ. ಅವಳು 'ತಿಕ್ಕಿದ್ದು' ಎಂದಿದ್ದ ಇನ್ನೂ ಆರು ಮನೆಯವರು ಆ ವಾರವೆಲ್ಲ ತಮ್ಮ ತಮ್ಮ ನಾಣ್ಯ ತಂದರು. ಆರನ್ನೂ ಮತ್ತೆ ನೋಡಿದಳು, ಗುಂಡಿಯೆಲ್ಲ ಕೆರೆದು ನೋಡಿದಳು. ಆರರಲ್ಲೂ ಇಟ್ಟಿಗೆಯ ಕೆಂಪು ಇತ್ತು. ಆ ಮನೆಯವರು ಗೊಣಗುತ್ತಾ ಹೋದರು, ಆದರೆ ಅವಳ ನೋಟ ತಪ್ಪೆಂದು ಒಬ್ಬರೂ ಹೇಳಲಿಲ್ಲ.

ಮರಿಲಿಂಗನದು ತಿರುಗಿದ್ದು ಎಂದಾದ ಆ ಬೆಳಿಗ್ಗೆಯೇ ನಾನು ಸೀಸ ಕಾಯಿಸಿ ಆರನೆಯ ಮೆಟ್ಟಿಲಲ್ಲಿ ಕೂತೆ. ಗುಳಿಗೆ ನಾಣ್ಯ ಇಟ್ಟರೆ ಮುಳ್ಳು ಅಡ್ಡ ಬಂತು. ಸಾಮಾನ್ಯವಾಗಿ ಇಂಥದ್ದನ್ನು ಅರದಲ್ಲಿ ಉಜ್ಜಿ ಹಾಕುತ್ತೇನೆ. ಅರ ಕೈಗೆ ತೆಗೆದುಕೊಂಡವನು ಕೆಳಗಿಟ್ಟು, ಉಳಿಯಿಂದ ಕಲ್ಲಿಗೇ ಒಂದು ಸಣ್ಣ ಕಚ್ಚು ಹೊಡೆದು ಮುಳ್ಳಿಗೆ ಜಾಗ ಮಾಡಿದೆ, ಅದರ ತುದಿ ಮೇಲೆ ಕಾಣುವ ಹಾಗೆ ಬಿಟ್ಟೆ. ಸೀಸ ಆರುವ ಹೊತ್ತಿಗೆ ದ್ಯಾವಮ್ಮ ಮಂಟಪದ ಹಿಂದಿನಿಂದ ಬಂದಳು. ಕಣ್ಣು ಕೆಂಪಾಗಿತ್ತು. ಸೀದಾ ನೋಟದವ್ವನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

"ನಂಗೂ ಐತವ್ವ," ಅಂದಳು. "ನಮ್ಮಪ್ಪ ಸಾಯಂಕಾಲ ಸುಣ್ಣದ ಕೈ ತೊಳ್ಕಂಡು ಬಂದು ನನ್ನ ಎತ್ಕಂಡು ಎದೆ ಮೇಲೆ ಬೋರಲಾಗಿ ಮಲಗಿಸ್ಕಳಾನಂತೆ. ಈ ಕೂಸು ಚುಚ್ತದೆ ಕಣೇ ಅಂತಿದ್ನಂತೆ ದಿನಾ. ಕೂಸು ಎಲ್ಲಾದ್ರೂ ಚುಚ್ತದಾ ಅಂತ ನಮ್ಮವ್ವ ಸಾಯೋವರೆಗೂ ಹೇಳ್ಕಂಡು ನಗಾಡಾಳು."

ನೋಟದವ್ವ ಅವಳ ಕೈ ಹಿಡಿದುಕೊಂಡಳು. ಆಮೇಲೆ ದ್ಯಾವಮ್ಮ ಎದ್ದು ಚಪ್ಪಲಿ ಬಿಟ್ಟಳು. ಒಂದೊಂದೇ ಮೆಟ್ಟಿಲು ಇಳಿದು ಆರನೆಯದಕ್ಕೆ ಬಂದು, ಸೀಸ ತಣ್ಣಗಾಗಿದೆಯಾ ಎಂದು ನನ್ನನ್ನು ಕೇಳಿದಳು. ಆಗಿದೆ ಅಂದೆ. ಬರಿಗಾಲನ್ನು ತಂದು ಅಪ್ಪನ ಮುಖದ ಪಕ್ಕ, ಅಂಚಿನ ಮೇಲೆ, ಮೆಲ್ಲಗೆ ಊರಿದಳು.

"ಚುಚ್ತದೆ ಕಣಣ್ಣ," ಅಂದಳು.